ಶಿಕ್ಷೆ ಎಷ್ಟು ಎಂದು ಕೇಳಿದ ದಿನ

ಸರ್ಕಾರಿ ವಕೀಲರ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಈಗೀಗ ಹುಡುಗಿಯರೂ, ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಒಂದೇ ಮಾತು: "ಸರ್, ನಿಮ್ಮ ಸರ್ವಿಸಿನಲ್ಲಿ ಎಷ್ಟು ಜನಕ್ಕೆ ಗಲ್ಲು ಕೊಡಿಸಿದ್ರಿ?" ಒಬ್ಬರಿಗೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಚಹಾ ಮುಗಿಸಿ, ಬಸ್ಸಿನ ನೆಪ ಹೇಳಿ ಎದ್ದು ಬಿಡುತ್ತಾರೆ. ಹಾಗೆ ಏಳದೆ ಕೂತವರು ಕೆಲವರಿದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳಲ್ಲೇ ನನ್ನ ಬಹುಪಾಲು ಕೆಲಸ. ಸೆಶನ್ಸ್ ಕೋರ್ಟು ಇದ್ದದ್ದು ಕಾರವಾರದಲ್ಲಿ. ಸಾಕ್ಷಿಗಳೆಲ್ಲ ಇತ್ತ ಕಡೆಯ ಮುದುಕರು, ಬಡವರು ಆದಾಗ ಜಡ್ಜ್ ಸಾಹೇಬರೇ ಕುಮಟೆಗೆ ಬಂದು ಕ್ಯಾಂಪ್ ಕೂರುವುದೂ ಇತ್ತು. ನಮ್ಮ ಕರಾವಳಿಯಲ್ಲಿ ಹೊಂಚು ಹಾಕಿ ಕೊಲ್ಲುವವರು ಕಡಿಮೆ, ಸಿಟ್ಟು ನೆತ್ತಿಗೇರಿ ಒಂದು ಏಟು ಹಾಕುವವರು ಹೆಚ್ಚು. ಏಟು ಬಿದ್ದ ಮನುಷ್ಯ ಎದ್ದರೆ ಅದು ಜಗಳ, ಏಳದಿದ್ದರೆ ಸೆಶನ್ಸ್ ಕೇಸು. ಪೊಲೀಸರು ಹೆಣ ಕಂಡ ಕೂಡಲೇ ಮುನ್ನೂರ ಎರಡು, ಅಂದರೆ ಕೊಲೆ, ಎಂದು ಬರೆದು ಬಿಡುತ್ತಿದ್ದರು. ಅದಕ್ಕೆ ಗಲ್ಲು ಅಥವಾ ಜೀವಾವಧಿ. ಅದರ ಪಕ್ಕದಲ್ಲೇ ಮುನ್ನೂರ ನಾಲ್ಕು ಇದೆ: ಕೊಲೆಯಲ್ಲದ ನರಹತ್ಯೆ. ಕೊಲ್ಲುವ ಉದ್ದೇಶವಿರಲಿಲ್ಲ, ಆದರೆ ಹೀಗೆ ಹೊಡೆದರೆ ಪ್ರಾಣ ಹೋದೀತು ಎಂಬುದು ಗೊತ್ತಿತ್ತು ಎಂದಾದರೆ ಹೆಚ್ಚೆಂದರೆ ಹತ್ತು ವರ್ಷ. ಈ ಎರಡು ಕಲಮುಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲೇ ನನ್ನ ಆಯುಷ್ಯ ಕಳೆಯಿತು. ಬೇಸರವಿಲ್ಲ. ಓಣಿಯಲ್ಲಿ ಒಳ್ಳೆಯ ಮನುಷ್ಯರು ಸಿಕ್ಕಿದರು.

ನನ್ನನ್ನು ತಿದ್ದಿದವರು ಹಿರಿಯ ಸರ್ಕಾರಿ ವಕೀಲರಾದ ಪ್ರಭು ಸಾಹೇಬರು. ಮೂಗಿನ ತುದಿಯಲ್ಲಿ ಸಿಟ್ಟು, ಕೋಟಿನ ಜೇಬಿನಲ್ಲಿ ಸದಾ ಹುರಿಗಡಲೆ. ನಾನು ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ಭಟ್ಕಳದ ಒಂದು ಪ್ರಕರಣ ಬಂತು. ಇಬ್ಬರು ಗೆಳೆಯರು ಅಂಗಡಿಯ ಜಗಲಿಯಲ್ಲಿ ಕೇರಂ ಆಡುತ್ತ ಕೂತಿದ್ದರು. ರಾಣಿ ಯಾರದು ಎಂಬ ಜಗಳದಲ್ಲಿ ಒಬ್ಬ ದೂಡಿದ. ಇನ್ನೊಬ್ಬ ಮೆಟ್ಟಿಲ ಮೇಲಿಂದ ತಲೆಕೆಳಗಾಗಿ ಬಿದ್ದ, ಮತ್ತೆ ಏಳಲಿಲ್ಲ. ಚಾರ್ಜ್‌ಶೀಟಿನಲ್ಲಿ ಮುನ್ನೂರ ಎರಡು. ನಾನು ಉತ್ಸಾಹದಿಂದ ಕೊಲೆಯ ವಾದವನ್ನು ಉದ್ದಕ್ಕೆ ಬರೆದು ಒಯ್ದೆ.

ಸಾಹೇಬರು ಓದಿ, ಕಡಲೆ ಜಗಿಯುತ್ತ ಕೇಳಿದರು, "ಎಂತ ಮಾರಾಯಾ, ಕೇರಂ ಆಡ್ತಾ ಆಡ್ತಾ ಕೊಲೆ ಸಂಚು ಮಾಡ್ಬೇಕಾದ್ರೆ ಅಂವ ಎಷ್ಟು ದೊಡ್ಡ ಆಟಗಾರ ಇರ್ಬೇಕು?"

ಬರೆದದ್ದನ್ನು ನನ್ನ ಕೈಗೇ ವಾಪಸು ಕೊಟ್ಟರು. "ಹೆಣ ನೋಡಿ ಕಲಂ ಹಾಕೂದು ಪೊಲೀಸ್ರ ಕೆಲ್ಸ. ನೀನು ಹೊಡೆದವನ ಕೈ ನೋಡು. ಆ ಕೈ ಅದಕ್ಕಿಂತ ಮುಂಚೆ ಎಂತ ಮಾಡ್ತಿತ್ತು, ಆಮೇಲೆ ಎಂತ ಮಾಡ್ತು, ಅದ್ನ ನೋಡು" ಎಂದರು. ವಿಚಾರಣೆಯ ದಿನ ಭಟ್ಕಳದ ಒಬ್ಬ ಮುದುಕ ವ್ಯಾಪಾರಿ ಸಾಕ್ಷಿ ಹೇಳಲು ನಿಂತ. ಮನೆಯಲ್ಲಿ ನವಾಯತಿ ಮಾತಾಡುವವನು, ಕೋರ್ಟಿಗಾಗಿ ಕಷ್ಟಪಟ್ಟು ಕನ್ನಡ ಕಟ್ಟಿದ. "ಸಾಬ್, ಅವ್ರು ಇಬ್ರೂ ದೋಸ್ತ್. ದೋಸ್ತಿಗೆ ದೂಡ್ದೆ ಮತ್ತೆ ಯಾರಿಗೆ ದೂಡೂದು?" ಎಂದ. ಇಡೀ ಕೋರ್ಟು ನಕ್ಕಿತು. ಆರೋಪಿಯೊಬ್ಬನೇ ನಗಲಿಲ್ಲ, ಅವನು ಆ ದೋಸ್ತನನ್ನು ನೆನೆದು ಅಳುತ್ತಿದ್ದ. ಪ್ರಭು ಸಾಹೇಬರು ತಾವೇ ಎದ್ದು, ಇದು ಕೊಲೆಯಲ್ಲ, ನರಹತ್ಯೆ ಎಂದು ಒಪ್ಪಿಕೊಂಡರು. ಸರ್ಕಾರಿ ವಕೀಲ ಸೋತೂ ಗೆಲ್ಲಬಹುದು ಎಂಬುದನ್ನು ಅವತ್ತು ಮೊದಲ ಸಲ ಕಂಡೆ.

ಎಡವಟ್ಟುಗಳಿಗೂ ಬರವಿರಲಿಲ್ಲ. ಒಂದು ಕೋರ್ಟಿನಲ್ಲಿ (ಊರಿನ ಹೆಸರು ಹೇಳುವುದಿಲ್ಲ, ಆ ಪ್ಯೂನನ ಮೊಮ್ಮಕ್ಕಳು ನನಗೆ ನಮಸ್ಕಾರ ಮಾಡುತ್ತಾರೆ) ಮೀನುಗಾರರ ಹೊಡೆದಾಟದಲ್ಲಿ ಜಪ್ತಾದ ದೋಣಿಯ ಹುಟ್ಟು ಇತ್ತು. ಅದು ಎಷ್ಟು ಉದ್ದವೆಂದರೆ ಮುದ್ದೆಮಾಲಿನ ಕೋಣೆಯಲ್ಲಿ ಹಿಡಿಸದೆ ಹೊರಗೆ ಗೋಡೆಗೆ ಒರಗಿತ್ತು. ಸಾಕ್ಷಿಗೆ ಅದನ್ನು ತೋರಿಸಿ "ಇದರಿಂದಲೇ ಹೊಡೆದದ್ದೋ?" ಎಂದು ನಾನು ಗತ್ತಿನಿಂದ ಕೇಳಿದೆ. ಎದುರು ಪಕ್ಷದ ವಕೀಲರು ಹುಟ್ಟಿನ ತುದಿಯನ್ನು ಮೂಸಿ ನೋಡಿ, "ಸ್ವಾಮಿ, ಇಲ್ಲಿ ಇರುವುದು ರಕ್ತವಲ್ಲ, ಮಾವಿನ ಸೊನೆ" ಎಂದರು. ಪ್ಯೂನ್ ಇಡೀ ಬೇಸಿಗೆ ಕೋರ್ಟಿನ ಆವಾರದ ಮಾವಿನಕಾಯಿಯನ್ನು ಅದರಿಂದಲೇ ಉದುರಿಸಿದ್ದ. ಆ ಕಾಯಿಯಿಂದ ಮಾಡಿದ ಉಪ್ಪಿನಕಾಯಿಯನ್ನು ನಾವೆಲ್ಲರೂ ತಿಂದಿದ್ದೆವು, ಮ್ಯಾಜಿಸ್ಟ್ರೇಟರೂ ಸೇರಿ. ಹಾಗಾಗಿ ಯಾರೂ ಯಾರನ್ನೂ ಬೈಯುವಂತಿರಲಿಲ್ಲ.

ಇನ್ನು ಪದ್ಧತಿ ಬದಲಾದ ವಿಚಾರ. ಹಳೆಯ ಕಾಯ್ದೆಯಲ್ಲಿ ತಪ್ಪಿತಸ್ಥ ಎನ್ನುವುದೂ ಶಿಕ್ಷೆ ಇಷ್ಟು ಎನ್ನುವುದೂ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ಕಟಕಟೆಯಲ್ಲಿದ್ದವನು ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಅವನನ್ನು ಇಳಿಸಿ ಆಗಿರುತ್ತಿತ್ತು. ಎಪ್ಪತ್ನಾಲ್ಕರಲ್ಲಿ ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡ್ ಜಾರಿಗೆ ಬಂತು. ತಪ್ಪಿತಸ್ಥ ಎಂದು ಹೇಳಿದ ಮೇಲೆ ಜಡ್ಜರು ಒಂದು ಕ್ಷಣ ನಿಲ್ಲಬೇಕು, 'ಶಿಕ್ಷೆಯ ಬಗ್ಗೆ ನಿನಗೆ ಹೇಳುವುದು ಏನಾದರೂ ಇದೆಯೇ?' ಎಂದು ಅವನನ್ನೇ ಕೇಳಬೇಕು. ನಮಗೆ ಇದು ಮೊದಮೊದಲು ತಮಾಷೆಯಾಗಿ ಕಂಡಿತು. ವಕೀಲರೆಲ್ಲ ತಮ್ಮ ಕಕ್ಷಿದಾರರಿಗೆ ಒಂದೇ ಪಾಠ ಬಾಯಿಪಾಠ ಮಾಡಿಸುತ್ತಿದ್ದರು: ಮುದಿ ತಾಯಿ ಇದ್ದಾಳೆ, ಸಣ್ಣ ಮಕ್ಕಳಿದ್ದಾರೆ, ದಯೆ ತೋರಿ. ಹೊನ್ನಾವರದ ಕಡೆಯ ಒಬ್ಬ ಹರೆಯದವನು ಹಾಗೇ ಒಪ್ಪಿಸಿದಾಗ ಜಡ್ಜರು ಅನುಮಾನದಿಂದ "ಮದುವೆ ಯಾವಾಗ ಆಯಿತಪ್ಪಾ?" ಎಂದರು. "ಆಗ್ಲಿಲ್ಲ ಸ್ವಾಮಿ. ವಕೀಲ್ರು ಹೇಳು ಅಂದ್ರು, ಹೇಳ್ದೆ" ಎಂದ. ಇದೊಂದು ಬರಿಯ ಶಾಸ್ತ್ರ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಹಿರೇಗುತ್ತಿ ಕಡೆಯ ಹಮ್ಮು ಗೌಡನ ಪ್ರಕರಣ ಬರುವವರೆಗೆ.

ಅದು ಎಂಬತ್ತರ ಆಸುಪಾಸಿನದು. ಹಿರೇಗುತ್ತಿಯ ಆಚೆ ಹಿನ್ನೀರಿನ ಅಂಚಿನಲ್ಲಿ ಗಜನಿ ಗದ್ದೆಗಳಿವೆ. ಕಡಲಿನ ಉಬ್ಬರ ಬಂದರೆ ಉಪ್ಪು ನೀರು ಮುಟ್ಟುವ ತಗ್ಗು ಗದ್ದೆ. ಸುತ್ತ ಮಣ್ಣಿನ ದಂಡೆ, ದಂಡೆಯಲ್ಲೊಂದು ಹಲಗೆಯ ಬಾಗಿಲು. ಕಗ್ಗ ಭತ್ತ ಕೊಯ್ದಾಗುವವರೆಗೆ ಹಲಗೆ ಮುಚ್ಚಿರಬೇಕು. ಎಲ್ಲರ ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿ ಉಪ್ಪು ನೀರು ಬಿಡುತ್ತಾರೆ, ಅದರೊಡನೆ ಮೀನು, ಶೆಟ್ಲಿ ಎನ್ನುವ ಸಿಗಡಿ ಒಳಗೆ ಬರುತ್ತವೆ. ಹಮ್ಮು ಗೌಡ ಮತ್ತು ಶಿದ್ದು ಗೌಡ ಅಣ್ಣತಮ್ಮಂದಿರ ಮಕ್ಕಳು. ಒಂದೇ ಕೊಪ್ಪದ, ಅಂದರೆ ಒಂದೇ ಕೇರಿಯ, ಪಕ್ಕಪಕ್ಕದ ಮನೆಯವರು. ಗದ್ದೆಯೂ ಪಕ್ಕಪಕ್ಕ, ದಂಡೆಯ ಆ ತುಂಡನ್ನು ವರ್ಷವರ್ಷ ಮಣ್ಣು ಹಾಕಿ ಕಾಯುವುದೂ ಆ ಎರಡು ಮನೆಗಳ ಪಾಲಿನ ಕೆಲಸ.

ಆ ವರ್ಷ ಶಿದ್ದುವಿನ ಕೊಯ್ಲು ಮೊದಲು ಮುಗಿಯಿತು. ಹಮ್ಮುವಿನ ತಗ್ಗಿನ ಗದ್ದೆಯಲ್ಲಿ ಪೈರು ಇನ್ನೂ ನಿಂತಿತ್ತು. ಮೀನಿನ ಆಸೆಗೆ ಶಿದ್ದು ಉಬ್ಬರದ ಹೊತ್ತಿಗೆ ಒಂದು ಹಲಗೆ ಎತ್ತಿದ. ಹಮ್ಮು ಓಡಿ ಬರುವಷ್ಟರಲ್ಲಿ ಪೈರಿನ ಬುಡಕ್ಕೆ ಉಪ್ಪು ನೀರು ನುಗ್ಗಿತ್ತು. ಬೈದಾಟ, ಕೈ ಕೈ ಹಿಡಿದಾಟ, ಕೊನೆಗೆ ಹಮ್ಮು ಹಲಗೆ ಎತ್ತುವ ಮರದ ಗಳುವಿನಿಂದ ಒಂದೇ ಏಟು ಹಾಕಿದ. ಶಿದ್ದುವಿನ ತಲೆಗೆ ಬಿತ್ತು. ಅವನನ್ನು ಹೆಗಲಿಗೆ ಹಾಕಿ ದೋಣಿಯಲ್ಲಿ ಮಲಗಿಸಿ ರಸ್ತೆಗೆ ಮುಟ್ಟಿಸಿದವನೂ ಹಮ್ಮುವೇ. ಕುಮಟೆಯ ಆಸ್ಪತ್ರೆಗೆ ಬರುವಷ್ಟರಲ್ಲಿ ಜೀವ ಹೋಗಿತ್ತು. ಹಮ್ಮು ನೇರ ಠಾಣೆಗೆ ಹೋಗಿ "ಹೊಡ್ದದ್ದು ನಾನು" ಎಂದು ಕೂತ.

ಪೊಲೀಸರು ಮುನ್ನೂರ ಎರಡು ಎಂದು ಬರೆದರು. ಗಳುವನ್ನು ಹಮ್ಮು ಮನೆಯಿಂದಲೇ ತಂದಿದ್ದ ಎಂದೂ ಸೇರಿಸಿದ್ದರು. ಆ ಒಂದು ಸಾಲು ನಿಂತರೆ ಜೀವಾವಧಿ. ಹಮ್ಮುವಿನ ವಕೀಲ ನಾಯಕರು, ಅದು ಸದಾ ಬಾಗಿಲ ಬಳಿಯೇ ಇರುವ ಗಳು ಎಂದು ಹಟ ಹಿಡಿದರು. ಮೈಸೂರು ಕಡೆಯಿಂದ ಬಂದಿದ್ದ ಜಡ್ಜ್ ಸಾಹೇಬರು ಗಜನಿ ಎಂದರೇನೆಂದು ಕಂಡವರಲ್ಲ. "ನಡೀರಿ, ಹೋಗಿ ನೋಡೋಣ" ಎಂದರು.

ಹೋದೆವು. ಪಂಚನಾಮೆ ಬರೆದ ಎಸ್.ಐ. ಬಯಲುಸೀಮೆಯವರು. ಇಳಿತದ ಹೊತ್ತಿನಲ್ಲಿ ಬಂದು, ಒಣ ನೆಲ ಎಂದು ನಕ್ಷೆ ಮಾಡಿದ್ದರು. ನಾವು ಉಬ್ಬರದಲ್ಲಿ ದೋಣಿಯಲ್ಲಿ ಹೋದೆವು, ನಕ್ಷೆಯಲ್ಲಿ ಸಾಕ್ಷಿ ನಿಂತಿದ್ದಾನೆಂದು ಗುರುತು ಹಾಕಿದ ಜಾಗದಲ್ಲಿ ಆಳೆತ್ತರ ನೀರು. "ನಿಮ್ಮ ಸಾಕ್ಷಿಗೆ ಈಜು ಬರುತ್ತೇನ್ರೀ?" ಎಂದು ಜಡ್ಜ್ ಸಾಹೇಬರು ನನ್ನನ್ನು ಕೇಳಿದರು. ನೋಡಿ ಮುಗಿಸುವಷ್ಟರಲ್ಲಿ ಇಳಿತ ಬಂದು ದೋಣಿ ಕೆಸರಿನಲ್ಲಿ ಕೂತಿತು. ಸೆಶನ್ಸ್ ಕೋರ್ಟು ಪೂರ್ತಿಯಾಗಿ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಎಳನೀರು ಕುಡಿಯಿತು. ನನ್ನ ಸರ್ವಿಸಿನ ಅತ್ಯಂತ ಸುಖದ ಮಧ್ಯಾಹ್ನ ಯಾವುದು ಎಂದರೆ ಅದೇ ಎನ್ನುತ್ತೇನೆ.

ಅಲ್ಲೇ ಕೂತು ನೋಡಿದ್ದು ಎರಡು ಸಂಗತಿ. ಜಪ್ತಾದ ಗಳುವಿನ ಬದಲಿಗೆ ಊರವರು ಇನ್ನೊಂದು ಗಳುವನ್ನು ತೆಂಗಿನ ಹಗ್ಗದಿಂದ ಬಾಗಿಲ ಕಂಬಕ್ಕೆ ಕಟ್ಟಿಟ್ಟಿದ್ದರು. ಅದು ಅಲ್ಲಿನದೇ ಸಾಮಾನು, ಯಾರೂ ಮನೆಯಿಂದ ತರುವುದಲ್ಲ. ನಾಯಕರು ನನ್ನ ಕಡೆ ನೋಡಿದರು, ನಾನು ನೀರಿನ ಕಡೆ ನೋಡಿದೆ. ಎರಡನೆಯದು, ಆ ಎರಡು ಮನೆಗಳ ಪಾಲಿನ ದಂಡೆ ಹಿಂದಿನ ಮಳೆಗಾಲದಲ್ಲಿ ಒಡೆದು ಹೋಗಿತ್ತು. ಒಬ್ಬ ಸತ್ತ, ಇನ್ನೊಬ್ಬ ಜೈಲಿನಲ್ಲಿ, ಮಣ್ಣು ಹಾಕುವವರಿಲ್ಲ. ಎರಡೂ ಗದ್ದೆಗಳಲ್ಲಿ ಉಪ್ಪು ನೀರು ನಿಂತು ಒಂದು ಕಾಳೂ ಬೆಳೆದಿರಲಿಲ್ಲ. ಹಮ್ಮು ಜೀವಾವಧಿಗೆ ಹೋದರೆ ಎರಡು ಮನೆಗಳ ಅನ್ನವೂ ಹಿನ್ನೀರಿಗೇ ಎಂಬುದು ಅಲ್ಲಿ ಕೂತ ಎಲ್ಲರಿಗೂ ಕಾಣುತ್ತಿತ್ತು.

ಶಿದ್ದುವಿನ ತಾಯಿ ಗಂಗೆ ನಮ್ಮ ಪಕ್ಷದ ಸಾಕ್ಷಿ. ಕುತ್ತಿಗೆ ತುಂಬ ಮಣಿಸರ ಹಾಕಿದ, ಗಿಡ್ಡ ದೇಹದ ಮುದುಕಿ. ಹಮ್ಮುವಿಗೆ ಚಿಕ್ಕಿ, ಅಂದರೆ ಚಿಕ್ಕಮ್ಮ. ಕಟಕಟೆಯಲ್ಲಿ ನಾನು ಕೇಳಿದ್ದಕ್ಕೆ ಅವಳು ಎರಡೇ ಮಾತು ಹೇಳಿದ್ದಳು. "ಹೊಡ್ದದ್ದೂ ಇಂವನೇ. ಹೊತ್ಕಂಡು ಬಂದದ್ದೂ ಇಂವನೇ." ಹೊಡೆದ ಕೈ ಆಮೇಲೆ ಏನು ಮಾಡಿತು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಬೇಕಿರಲಿಲ್ಲ. ವಾದದ ದಿನ ನಾನು ಕೊಲೆಯ ಕಲಮಿಗೆ ಜೋತು ಬೀಳಲಿಲ್ಲ.

ತೀರ್ಪಿನ ದಿನ ಕುಮಟೆಯ ಕೋರ್ಟು ತುಂಬಿತ್ತು. ಕೊಪ್ಪದವರೆಲ್ಲ ಹಿಂದಿನ ಬೆಂಚುಗಳಲ್ಲಿ, ಜಾಗ ಸಾಲದೆ ನೆಲದ ಮೇಲೂ ಕೂತಿದ್ದರು. ಇದು ಕೊಲೆಯಲ್ಲ, ನರಹತ್ಯೆ ಎಂದು ಜಡ್ಜ್ ಸಾಹೇಬರು ಹೇಳಿದರು. ನಾಯಕರು ಉಸಿರು ಬಿಟ್ಟರು. ಸಾಹೇಬರು ಕನ್ನಡಕ ತೆಗೆದಿಟ್ಟು ಹಮ್ಮುವಿನ ಕಡೆ ತಿರುಗಿದರು.

"ಹಮ್ಮು ಗೌಡ, ನೀನು ತಪ್ಪಿತಸ್ಥ ಅಂತ ತೀರ್ಮಾನ ಆಗಿದೆ. ಶಿಕ್ಷೆಯ ಬಗ್ಗೆ ನೀನು ಏನು ಹೇಳ್ತೀಯಾ?"

ಮಕ್ಕಳ ವಿಚಾರ ಹೇಳು ಎಂದು ನಾಯಕರು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು. ಪಾಠ ಮಾಡಿಸಿದ್ದೂ ಆಗಿತ್ತು. ಹಮ್ಮು ಕೈ ಮುಗಿದು, ತಲೆ ತಗ್ಗಿಸಿ, ಗಟ್ಟಿಯಾಗಿ ಹೇಳಿದ.

"ಹತ್ತು ವರ್ಷ, ಒಡೆಯಾ."

ಸಾಹೇಬರಿಗೆ ತಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಎಂದು ಅನುಮಾನ. "ಏನಂದೆ?"

"ಹತ್ತು ವರ್ಷ. ಅದ್ಕಿಂತ ಮೇಲೆ ಇಲ್ಲ ಅಂದ್ರು ವಕೀಲ್ರು. ಇದ್ರೆ ಅದೂ ಆಗ್ಲಿ."

ನಾಯಕರು ಎದ್ದು ನಿಂತು "ಸ್ವಾಮೀ, ಅವನಿಗೆ ಪ್ರಶ್ನೆ ಅರ್ಥ ಆಗಿಲ್ಲ, ಅವನಿಗೆ ಮೂರು ಮಕ್ಕಳು" ಎಂದು ತಡವರಿಸತೊಡಗಿದರು. ಸಾಹೇಬರು ನನ್ನ ಕಡೆ ನೋಡಿದರು. ತನ್ನ ಶಿಕ್ಷೆಯನ್ನು ಪೂರ್ತಿ ಕೇಳಿ ಪಡೆಯುವ ಆರೋಪಿಯನ್ನು ನಾನೂ ಕಂಡಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ ಬಂತು.

"ಅಷ್ಟು ಬ್ಯಾಡ. ಇಳ್ಸಿ."

ಗಂಗೆ ಎದ್ದು ನಿಂತಿದ್ದಳು. ಪ್ಯೂನ್ "ಶ್ಶ್, ಕೂತ್ಕಳೆ" ಎಂದು ಓಡಿದ. ಸಾಹೇಬರು ಕೈಯಾಡಿಸಿ ಅವನನ್ನು ತಡೆದರು. "ಮುಂದೆ ಬಾರಮ್ಮಾ. ಏನು ಇಳಿಸೋದು?"

ಅವಳು ಮುಂದೆ ಬಂದಳು. ಜಡ್ಜರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಅವಳಿಗೇ ಸೋಜಿಗ. "ನಮ್ಮ ಕೊಪ್ಪದಾಗೆ ಹಾಂಗೇ ಅಲ್ದಾ ಒಡೆಯಾ. ಊರಗೌಡ್ರು ದಂಡ ಎಷ್ಟು ಅಂತ ಕೇಳ್ತ್ರು. ತಪ್ಪು ಮಾಡ್ದವ ಪೂರ್ತಿ ಹೇಳೂದು. ಕಡಿಮೆ ಹೇಳ್ದ್ರೆ ಅಂವ ತಪ್ಪು ಒಪ್ಲಿಲ್ಲ ಅಂತ ಆತು. ಇಳ್ಸೂದು ಅಂವ ಅಲ್ಲ. ನೋವು ಬಿದ್ದ ಮನೆಯವ್ರು. ಅದು ನಾನು."

ಆಗ ಎಲ್ಲರಿಗೂ ತಿಳಿಯಿತು. ಸರ್ಕಾರ ದೆಹಲಿಯಲ್ಲಿ ಕೂತು ಹೊಸದಾಗಿ ಬರೆದ ಪ್ರಶ್ನೆ ಹಮ್ಮುವಿಗೆ ಹೊಸದೇ ಆಗಿರಲಿಲ್ಲ. ಊರಗೌಡನ ಚಾವಡಿಯಲ್ಲಿ ಅವನ ಅಜ್ಜನ ಕಾಲದಿಂದ ಕೇಳುತ್ತಿದ್ದ ಪ್ರಶ್ನೆಯೇ ಅದು ಎಂದು ಅವನು ನಂಬಿದ, ಅಲ್ಲಿ ಮರ್ಯಾದಸ್ಥ ಕೊಡಬೇಕಾದ ಉತ್ತರವನ್ನೇ ಇಲ್ಲಿಯೂ ಕೊಟ್ಟ.

ನಾಯಕರು ಅವಕಾಶ ಬಿಡುವವರೇ? "ಹಾಗಾದ್ರೆ ಪೂರಾ ಬಿಟ್ಟು ಬಿಡ್ಲಿ ಅಂತೀಯಾ ಅಜ್ಜೀ?" ಎಂದರು.

ಮುದುಕಿ ಅವರ ಕಡೆ ಕಣ್ಣು ಕೆಕ್ಕರಿಸಿದಳು. "ಬಿಡೂಕೆ ಸತ್ತದ್ದು ಕೋಳಿಯಾ? ನನ್ನ ಮಗ. ಇವನ ಮೋರೆ ನೋಡೂಕೆ ನಂಗೆ ಆಗೂದಿಲ್ಲ ಈಗ." ಸೆರಗಿನಿಂದ ಮೂಗು ಒರೆಸಿಕೊಂಡು ಜಡ್ಜರ ಕಡೆ ತಿರುಗಿದಳು. "ಮೂರು ಮಳೆಗಾಲ ನನ್ನ ಕಣ್ಣಿಗೆ ಬೀಳೂದು ಬ್ಯಾಡ. ಅದ್ಕಿಂತ ಜಾಸ್ತಿ ಅಲ್ಲಿ ಕೂತು ಉಣ್ಣೂದೂ ಬ್ಯಾಡ. ದಂಡೆ ಯಾರು ಕಟ್ಟೂದು? ನನ್ನ ಸೊಸೆ ಕಟ್ತ್ಯಾ? ಇವನ ಹೆಂಡ್ತಿ ಕಟ್ತ್ಯಾ?"

ಸಾಹೇಬರು ಎದ್ದು ಛೇಂಬರಿಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಶಿಕ್ಷೆ ಓದಿದರು: ಮೂರು ವರ್ಷ ಸಜೆ. ವಿಚಾರಣೆಯ ಕಾಲದಲ್ಲಿ ಒಳಗೆ ಕಳೆದದ್ದನ್ನು ಅದರಲ್ಲೇ ಕಳೆಯಬೇಕು. ಈ ಕಳೆಯುವ ಪದ್ಧತಿಯೂ ಹೊಸ ಕಾಯ್ದೆಯದ್ದೇ. ಕಾರಣಗಳನ್ನು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಸಿದ್ದರು: ಹಠಾತ್ ಜಗಳ, ಒಂದೇ ಏಟು, ತಾನೇ ಆಸ್ಪತ್ರೆಗೆ ಸಾಗಿಸಿದ್ದು. ಮುದುಕಿಯ ಮಾತಿನ ಮೇಲೆ ಶಿಕ್ಷೆ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ, ಆದ್ದರಿಂದ ಅವಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೇಲ್ಮನವಿ ಹಾಕುವಿರಾ ಎಂದು ಮೇಲಿನವರು ಆಮೇಲೆ ನನ್ನನ್ನು ಕೇಳಿದರು. ಹಾಕುವ ಅಗತ್ಯ ಕಾಣುವುದಿಲ್ಲ ಎಂದು ಬರೆದು ಕಳಿಸಿದೆ. ನನ್ನ ಕೈಯಿಂದ ಅಷ್ಟು ಸಂತೋಷದಿಂದ ಹೊರಟ ಅಭಿಪ್ರಾಯ ಇನ್ನೊಂದಿಲ್ಲ.

ಶಿಕ್ಷೆಯ ಬಗ್ಗೆ ಜಡ್ಜರು ಕೇಳುವ ಆ ಪ್ರಶ್ನೆ ಹೊಸಬರಾದ ನಿಮ್ಮ ಕಿವಿಗೆ ದಿನವೂ ಬೀಳುತ್ತದೆ. ಆಗ ಫೈಲು ತಿರುವಬೇಡಿ, ಕಟಕಟೆಯಲ್ಲಿದ್ದವನ ಮುಖ ನೋಡಿ ಎನ್ನುವುದಷ್ಟೇ ನನ್ನ ಬುದ್ಧಿವಾದ. ಕೋರ್ಟಿನಲ್ಲಿ ಕಡೆಯ ಮಾತು ಜಡ್ಜರದ್ದೇ ಎಂದು ನಮಗೆ ಕಲಿಸಿದ್ದಾರೆ, ಅದು ಸರಿಯೂ ಹೌದು. ಅವತ್ತು ಮಾತ್ರ ಬೇರೆಯಾಯಿತು. ಸಾಹೇಬರು ಓದಿ ಮುಗಿಸಿ ಎದ್ದರು, ನಾವೆಲ್ಲ ಎದ್ದೆವು. ಪೊಲೀಸನು ಹಮ್ಮುವಿನ ತೋಳು ಹಿಡಿದ. ಹಮ್ಮು ಜಡ್ಜರ ಕಡೆ ನೋಡಲೇ ಇಲ್ಲ. ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿ ಕೇಳಿದ.

"ಸಾಕಾ ಚಿಕ್ಕೀ?"

ಒಳಗೆ ಹೋಗಲು ಹೊರಟಿದ್ದ ಸಾಹೇಬರು ಬಾಗಿಲಲ್ಲೇ ನಿಂತರು. ಪೊಲೀಸನೂ ಎಳೆಯಲಿಲ್ಲ. ಕೋರ್ಟಿಗೆ ಕೋರ್ಟೇ ಆ ಮುದುಕಿಯ ಬಾಯಿ ನೋಡುತ್ತ ನಿಂತಿತ್ತು.

"ಸಾಕು" ಎಂದಳು. "ಹೋಗಿ ಬಾ."